ಮುಂದಿನ ಎರಡು ಚಕ್ರ

ಗೇಟಿನೊಳಗೆ ಹನ್ನೊಂದಡಿ ಜಾಗ,
ಜೀಪು ಹನ್ನೊಂದೂ ಕಾಲು.
ಹಾಗಾಗಿ ಗೇಟು ಮುಚ್ಚುವುದಿಲ್ಲ,
ಆರು ವರ್ಷದಿಂದ ಸೈಕಲ್ ಟ್ಯೂಬಿನಲ್ಲಿ ಕಟ್ಟಿದ್ದೇನೆ.
ಮತ್ತಿಕೆರೆಯ ಈ ಅಡ್ಡರಸ್ತೆಯಲ್ಲಿ ನನ್ನ ವಿಳಾಸ ಕೇಳಿದರೆ
'ಆ ತುಕ್ಕಿನ ಮನೆ' ಎಂದು ಕೈ ತೋರಿಸುತ್ತಾರೆ.
ಬೇಜಾರಿಲ್ಲ.

ವಾಚ್ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷ
ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು
ಕೂದಲಿಗಿಂತ ಸಣ್ಣ ಸ್ಪ್ರಿಂಗು ಕೂರಿಸಿದವಳು ನಾನು.
ಸೀನು ಬಂದರೂ ತಡೆಯಬೇಕಿತ್ತು.
ಫ್ಯಾಕ್ಟರಿ ಮುಚ್ಚಿದ ಮಾರನೆಯ ತಿಂಗಳೇ ಕೈ ಹೇಳಿತು:
ಇನ್ನು ಏನಾದರೂ ದೊಡ್ಡದು ಕೊಡು,
ಸುತ್ತಿಗೆಯಲ್ಲಿ ಹೊಡೆಯುವಂಥದ್ದು.

ಅರಣ್ಯ ಇಲಾಖೆಯ ಹರಾಜಿನಲ್ಲಿ ಸಿಕ್ಕಿತು.
ಬಾಗಿಲು ಉಜ್ಜಿದರೆ ಹಸಿರು, ಹಸಿರಿನ ಕೆಳಗೆ ಬಿಳಿ,
ಬಿಳಿಯ ಕೆಳಗೆ ಇನ್ಯಾವ ಕಾಲದ್ದೋ ಹಸಿರು.
ಸೀಟಿನಡಿ ಹುಣಸೆ ಬೀಜ, ಒಂದು ಬಳೆ ಚೂರು,
ಯಾವನೋ ಗಾರ್ಡು ಅರ್ಧ ಬರೆದ ರಜೆ ಅರ್ಜಿ:
'ಮಾನ್ಯರೇ, ನನ್ನ ಹೆಂಡತಿಗೆ'
ಅಲ್ಲಿಗೆ ಪೆನ್ನು ನಿಂತಿದೆ.
ಅದನ್ನು ಟೂಲ್ ಬಾಕ್ಸಿನ ಮುಚ್ಚಳದೊಳಗೆ ಅಂಟಿಸಿದ್ದೇನೆ.
ಪ್ರತಿ ಸಲ ಪಾನಾ ತೆಗೆಯುವಾಗ
ಆ ವಾಕ್ಯ ಮುಗಿಸಲು ನೋಡುತ್ತೇನೆ.

ಗೇರಿನ ಕಡ್ಡಿ ಎರಡು. ದೊಡ್ಡದು ಮಾತು ಕೇಳುತ್ತದೆ.
ಪಕ್ಕದ ಗಿಡ್ಡನೆಯದು, ಕೆಂಪು ತಲೆಯದು, ಎಳೆದರೆ
ಮುಂದಿನ ಎರಡು ಚಕ್ರಕ್ಕೂ ಬಲ ಹೋಗಬೇಕು.
ಹೋಗದು. ಬಂಡೆಯಲ್ಲಿ ನೆಟ್ಟ ಹಾಗೆ.
ಜೆ.ಸಿ. ರಸ್ತೆಯ ಖಲೀಲ್ ಸಾಬರು ಎಲ್ಲ ಕೇಳಿ,
'ಈ ಟ್ರಾಫಿಕ್ಕಲ್ಲಿ ಎರಡು ಚಕ್ರ ತಿರುಗಿದ್ರೇ ಪುಣ್ಯ ಮೇಡಂ,
ನಾಕು ಯಾಕೆ?' ಎಂದರು.
ಉತ್ತರ ಇರಲಿಲ್ಲ.
ಬೇರಿಂಗು ಕೊಂಡು ಬಂದೆ.

ಎದುರು ಮನೆ ಮುನಿಕೆಂಪಣ್ಣನ ಮೊಮ್ಮಗ ದರ್ಪಣ್
ಗುಜರಿಯಿಂದ ನಾನೂರಕ್ಕೆ ಒಂದು ಬಿಎಂಎಕ್ಸ್ ತಂದ.
ಹ್ಯಾಂಡಲ್ ಸೊಟ್ಟ, ಚೈನು ಬಿಗಿ, ಸೀಟಿನ ಜಾಗದಲ್ಲಿ ಬಟ್ಟೆ ಗಂಟು.
ನಾವು ಚೈನನ್ನು ಸೀಮೆಎಣ್ಣೆಯಲ್ಲಿ ಎರಡು ರಾತ್ರಿ ನೆನೆಸಿದೆವು,
ಹಬ್ಬದ ಕಡಲೆ ನೆನೆಸಿದ ಹಾಗೆ.
'ಆಂಟಿ, ಬ್ರೇಕು ಬೇಡ, ಸ್ಟೈಲು ಹಾಳಾಗುತ್ತೆ.'
ಬ್ರೇಕು ಹಾಕಿದೆ. ಅವನು ಬಿಚ್ಚಿದ. ಮತ್ತೆ ಹಾಕಿದೆ.
ಅವನ ಮೊಣಕಾಲು ನೋಡಿದವರಿಗೆ ಯಾರು ಗೆದ್ದರೆಂದು ಗೊತ್ತು.

ಒಂದು ಭಾನುವಾರ ಜೀಪಿನ ಹೊಟ್ಟೆಯಡಿ
ನನ್ನ ಕೈ ಹೋಗದ ಸಂದಿಗೆ ಅವನ ಕಡ್ಡಿ ಕೈ ಹೋಯಿತು.
'ಏನೋ ಇದೆ ಆಂಟಿ, ನುಣ್ಣಗಿದೆ.'
ಬಹಳ ಹೊತ್ತು ಅಲ್ಲಾಡಿಸಿ ತೆಗೆದ:
ಯಾವುದೋ ಹೊಳೆಯ ಕಲ್ಲು, ಗೋಲಿಗಿಂತ ದೊಡ್ಡದು,
ತುಕ್ಕು ಮೆತ್ತಿಕೊಂಡು ಕಬ್ಬಿಣವೇ ಆಗಿಹೋಗಿತ್ತು.
ಕೆಂಪು ತಲೆ ಎಳೆದೆ.
ಟಕ್.
ನನಗೆ ಗೊತ್ತಿರುವ ಸದ್ದು ಅದು:
ವಾಚಿನೊಳಗೆ ಹಲ್ಲಿಗೆ ಹಲ್ಲು ಕೂತಾಗ ಬರುವುದು,
ಸಾವಿರ ಪಟ್ಟು.

ಆ ವಾರವೇ ಜಲಮಂಡಳಿಯವರು ರಸ್ತೆ ಅಗೆದು ಹೋದರು.
ಮಣ್ಣಿನ ಗುಡ್ಡೆ ದರ್ಪಣ್‌ಗೆ ಸಿಕ್ಕ ಸ್ವರ್ಗ,
ಸಂಜೆಯೆಲ್ಲ ಹಾರಾಟ, ಗಾಳಿಯಲ್ಲಿ ಹಿಂದಕ್ಕೆ ಪೆಡಲು, ಕಿರಿಕಿರಿಕಿರಿ.
ರಾತ್ರಿ ಒಂದು ಮಳೆ.
ಬೆಳಿಗ್ಗೆ ಗ್ಯಾಸ್ ಸಿಲಿಂಡರಿನ ಆಟೋ ಕೆಸರಲ್ಲಿ ಅಚ್ಚಿನ ತನಕ.
ಹಗ್ಗ ಕಟ್ಟಿದೆ. ಕೆಂಪು ತಲೆ ಎಳೆದೆ.
ಮುಂದಿನ ಚಕ್ರಗಳು, ನಾನು ಕೊಂಡ ಮೇಲೆ ಮೊದಲ ಬಾರಿ,
ತಾವೂ ಇದ್ದೇವೆ ಎಂದು ನೆಲ ಹಿಡಿದವು.
ಹದಿಮೂರು ಸೆಕೆಂಡು. ಎಣಿಸಿದ್ದೇನೆ, ಅಭ್ಯಾಸ.
ಆಟೋ ಮೇಲೆ ಬಂತು, ಮೂರು ಮನೆಯವರು ಚಪ್ಪಾಳೆ ತಟ್ಟಿದರು,
ರೇಡಿಯೇಟರ್ ಪೈಪು ಒಡೆದು ನಾನು ಬಿಸಿನೀರಿನ ಸ್ನಾನ ಮಾಡಿದೆ.
ಅದೇ ಆಟೋದವನು, ದರ್ಪಣ್, ಇನ್ನಿಬ್ಬರು ಸೇರಿ
ಜೀಪನ್ನು ತಳ್ಳಿ ಒಳಗೆ ನಿಲ್ಲಿಸಿದರು.
ಹನ್ನೊಂದೂ ಕಾಲು.

ಮೊನ್ನೆ ಡಾಂಬರು ಬಿತ್ತು.
ರಸ್ತೆ ಕನ್ನಡಿ.
ದರ್ಪಣ್ ಮುಖ ಸಣ್ಣಗೆ ಮಾಡಿಕೊಂಡು ಬಂದು ಮೆಟ್ಟಿಲ ಮೇಲೆ ಕೂತ.
'ಕೇಬಲ್ಲಿನವರು ಇನ್ನೂ ಬಂದಿಲ್ಲ ಕಣೋ,
ಅಗೀತಾರೆ, ಇರು' ಎಂದೆ,
ಪೈಪಿಗೆ ಕ್ಲಿಪ್ಪು ಬಿಗಿಯುತ್ತಾ.