ನೆಲ್ಲಿಕುಂಜೆಯಲ್ಲಿ ಗಾಡಿ ನಿಂತ ದಿನ

ಬೆಳಿಗ್ಗೆ ಎದ್ದಾಗ ಗಾಡಿಯ ಗಾಜಿನ ತುಂಬ ಉಪ್ಪು.
ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡು ಫಕೀರಪ್ಪ ಅಂದ:
‘ಇನ್ನ ಪಲ್ಯಕ್ಕ ಉಪ್ಪು ಕೊಳ್ಳೂದು ಬ್ಯಾಡ.’

ಇಪ್ಪತ್ತಾರು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಹೊತ್ತ ಗಾಡಿ ಇದು.
ಓಡಿಸಿದವನಿಗೇ ಸಾಹುಕಾರ ಕಡೆಗೆ ಮಾರಿದ.
ಎರಡು ಸಲ ತೊಳೆದು, ಹಲಗೆಯ ಮಂಚ ಕೂರಿಸಿ,
ನನ್ನ ಹಳೆಯ ಇಳಕಲ್ ಸೀರೆಯನ್ನೇ ಪರದೆ ಮಾಡಿದರೂ
ಬಿಸಿಲೇರಿದರೆ ಸಂದಿನಿಂದ ಘಾಟು ಏಳುತ್ತದೆ.
ಸೀನುತ್ತಲೇ ನಾವು ಗೋಕರ್ಣ ದಾಟಿದ್ದು,
ಸೀನುತ್ತಲೇ ತಲಪಾಡಿ.
ಅಲ್ಲಿ ಪೊಲೀಸನೂ ಒಳಗೆ ಮುಖ ಹಾಕಿ, ಸೀನಿ,
ಕಾಗದ ಕೇಳದೆ ಕೈ ಬೀಸಿದ.

ಮೊದಲು ನೀರು.
ಊರು ಎಷ್ಟು ಚೆಂದ ಎಂಬುದು ಆಮೇಲಿನ ಮಾತು.
ಕ್ಯಾನು ಹಿಡಿದು ಮರಳಿನ ಓಣಿಯೊಳಗೆ ಹೊಕ್ಕೆ.
ಕೆಂಪು ಕಲ್ಲಿನ ಪಾಗಾರ, ಅದರ ಮೇಲೆ
ಒಣಗಲಿಟ್ಟ ಶಾಲೆಯ ಬೂಟು, ಒಂದೇ ಕಾಲಿನದು.
ರೇಷನ್ ಅಂಗಡಿಯ ಬೋರ್ಡಿನಲ್ಲಿ ದುಂಡನೆಯ ಮಲಯಾಳ,
ಕೆಳಗೆ ಬಣ್ಣ ತುಸು ಕಡಿಮೆ ಬಿದ್ದ ಕನ್ನಡ
ಮದುವೆಮನೆಯಲ್ಲಿ ಪರಿಚಯವಿಲ್ಲದವಳ ಹಾಗೆ
ಕುರ್ಚಿಯ ಅಂಚಿಗೆ ಕೂತಿತ್ತು.
ನನ್ನ ನೋಡಿ ಅದಕ್ಕೂ ಸಮಾಧಾನವಾಗಿರಬೇಕು.

ಬಾವಿಕಟ್ಟೆಯ ಹೆಂಗಸು ಕ್ಯಾನು ನೋಡಿ ‘ಬೆಳ್ಳ?’ ಅಂದಳು.
‘ಬೆಲ್ಲ ಅಲ್ಲವ್ವಾ, ನೀರು’ ಅಂದೆ.
ಅವಳು ನಕ್ಕಳು, ನಾನೂ ನಕ್ಕೆ, ಯಾವುದಕ್ಕೆಂದು ತಿಳಿಯದೆ.
ಸಮುದ್ರ ಅಲ್ಲಿಂದ ನೂರು ಹೆಜ್ಜೆ.
ಸೇದಿ, ಬೊಗಸೆಗೆ ಹೊಯ್ದಳು, ಕುಡಿದೆ:
ಅವಳು ಅಂದದ್ದೇ ಸರಿ.

ಮಧ್ಯಾಹ್ನ ತಳಂಗರೆಗೆ ನಡೆದೆವು.
ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು
ಬಿಳಿಯ ಟೊಪ್ಪಿಗೆ ಬಿಳಿಯ ನೂಲಿನ ಕಸೂತಿ ಹಾಕುತ್ತಿದ್ದ ಅದ್ರಾಮಚ್ಚ
ಸೂಜಿ ನಿಲ್ಲಿಸದೆ ಹೆಸರು ಕೇಳಿದರು.
‘ಫಕೀರಪ್ಪ.’
ಸೂಜಿ ನಿಂತಿತು. ಹಣೆಯ ವಿಭೂತಿ ನೋಡಿದರು,
ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ.
‘ನಮ್ಮ ಕಡೆ ಹಿಂಗಽ ಇಡ್ತಾರ ರೀ,
ಹುಟ್ಟಿದ್ದು ಉಳೀಲಿ ಅಂತ ಹೊತ್ತುಕೊಂಡು.’
‘ಉಳಿದಿರಲ್ಲ’ ಅಂದರು ಅದ್ರಾಮಚ್ಚ ಒಳ್ಳೆಯ ಕನ್ನಡದಲ್ಲಿ,
ಇಪ್ಪತ್ತು ರೂಪಾಯಿ ಬಿಟ್ಟು ಟೊಪ್ಪಿ ಕೊಟ್ಟರು.
ಬಿಸಿಲಿಗೆಂದು ಅವನು ಅಲ್ಲೇ ಅದನ್ನು ತಲೆಗಿಟ್ಟುಕೊಂಡ.
ಒಂದು ಗಳಿಗೆ ಯಾರದೋ ಗಂಡನಂತೆ ಕಂಡ,
ಚೆಂದ ಕಂಡ.

ಚಂದ್ರಗಿರಿ ಹೊಳೆ ಕಡಲು ಸೇರುವಲ್ಲಿ ಜಗಳವಾಯಿತು.
ಅವನಿಗೆ ಸಂಜೆಯೊಳಗೆ ಬೇಕಲದ ಕೋಟೆ ಆಗಬೇಕು.
ನನಗೆ ಈ ಓಣಿಯೇ ಇನ್ನೆರಡು ದಿನ ಬೇಕು.
‘ನೋಡಾಕ ಏನೈತಿ ಇಲ್ಲಿ?’
ನಾನು ಉತ್ತರ ಕೊಡಲಿಲ್ಲ. ಗೊತ್ತಿರಲೂ ಇಲ್ಲ.
ಗಾಡಿಯಲ್ಲಿ ಮುನಿದು ಹೋಗಲು ಇನ್ನೊಂದು ಕೋಣೆಯಿಲ್ಲ,
ಅದಕ್ಕೇ ಮುನಿಸನ್ನು ಅಳಿವೆಯಲ್ಲೇ ಮುಗಿಸಬೇಕು:
ಅವನು ಹೊಳೆಯ ಕಡೆ ಮುಖ ಮಾಡಿ ಕೂತ,
ನಾನು ಕಡಲಿನ ಕಡೆ.
ನಡುವೆ ಒಂದು ಏಡಿ ಇಬ್ಬರ ಚಪ್ಪಲಿಯನ್ನೂ ಸುತ್ತಿ ನೋಡಿ
ಯಾವುದೂ ಮನಸ್ಸಿಗೆ ಬರದೆ ಹೋಯಿತು.
ಬಲೆ ಬಿಡಿಸುತ್ತಿದ್ದ ಹುಡುಗರು
ಟೊಪ್ಪಿಯವನಿಗೆ ಸಲಾಂ ಹೇಳಿದರು.
ಅವನು ಗಲಿಬಿಲಿಯಲ್ಲಿ ‘ಶರಣ್ರೀ’ ಅಂದ.
ನನಗೆ ನಗು ತಡೆಯಲಾಗಲಿಲ್ಲ. ಜಗಳ ಅಲ್ಲಿಗೆ ಹೋಯಿತು,
ಬೇಕಲವೂ ಅದರ ಜೊತೆ.

ದೀಪದ ಹೊತ್ತಿಗೆ ಬಾವಿಕಟ್ಟೆಯ ಉಮ್ಮಾಲಿ
ಮಗನ ಕೈಯಲ್ಲಿ ಮುಚ್ಚಿದ ಪಾತ್ರೆ ಕಳಿಸಿದಳು. ಮೀನಿನ ಸಾರು.
ಏನು ಹೇಳಿ ಹಿಂದಿರುಗಿಸುವುದು?
ಅವನು ಕೊರಳಿನ ಲಿಂಗ ತೋರಿಸಿದ. ಹುಡುಗ ತಾಯಿತವೆಂದುಕೊಂಡು
ತನ್ನದೂ ತೋರಿಸಿದ.
ಕಡೆಗೆ ಅವಳೇ ಬಂದಳು,
ಈ ಸಲ ಬಾಳೆಲೆಯಲ್ಲಿ ಬಿಸಿ ಪತ್ತಿರಿ.
ನಾನು ಶೇಂಗಾ ಚಟ್ನಿಯ ಡಬ್ಬಿ ತೆಗೆದೆ.
ಒಂದು ತುತ್ತು ಬಾಯಿಗಿಟ್ಟಳೋ ಇಲ್ಲವೋ
ಕಣ್ಣೀರು ಸುರಿಸುತ್ತ ಮೂರು ಸಲ ಸೀನಿದಳು,
ಇನ್ನೂ ಸ್ವಲ್ಪ ಎಂದು ಕೈ ನೀಡಿದಳು.

ಹಿಂದಿನ ಎರಡು ಬಾಗಿಲೂ ತೆರೆದಿಟ್ಟು ಮಲಗಿದೆವು.
ಕತ್ತಲಲ್ಲಿ ಕಡಲು ಕಾಣಲಿಲ್ಲ,
ದೂರ ಒಂದು ದೋಣಿಯ ಬೆಳಕು ಇದ್ದಷ್ಟು ಹೊತ್ತು
ಅದು ಅಲ್ಲಿದೆ ಎಂದುಕೊಂಡೆವು.
ನಿದ್ದೆಗಣ್ಣಿನಲ್ಲಿ ಅವನು ಟೊಪ್ಪಿ ಎಲ್ಲಿ ಎಂದು ತಡಕಿದ.
ಹೊಳೆಯ ಸೇತುವೆ ಮೇಲೆ ಮಂಗಳೂರಿನ ರೈಲು ಹೋಯಿತು.
ಕಾಲ ಬಳಿಯ ಕ್ಯಾನಿನಲ್ಲಿ
ಉಮ್ಮಾಲಿಯ ನೀರು ಸಣ್ಣಗೆ ಅಲುಗಿತು.