ಹಟ್ಟಿಯಲ್ಲಿ ಕಾಣಿಕೆ ಎಣಿಸುವವನು

ಶಿಫ್ಟು ಮುಗಿದು ಕೇಜು ಮೇಲೆ ಬಂದಾಗ
ಗೇಟಿನಲ್ಲಿ ಎರಡೂ ಕೈ ಎತ್ತಿ ನಿಲ್ಲುತ್ತೇನೆ.
ಬೂಟು ಬಿಚ್ಚು, ಟೊಪ್ಪಿಗೆ ತೆಗಿ, ಬಾಯಿ ತೆರಿ.
ಬುತ್ತಿ ಡಬ್ಬಿಯ ಮುಚ್ಚಳವನ್ನೂ ತಟ್ಟಿ ನೋಡುತ್ತಾರೆ.
ಇಪ್ಪತ್ತೆರಡು ವರ್ಷ. ನನಗೆ ಬೇಜಾರಿಲ್ಲ.
ಒಂದು ಟನ್ ಕಲ್ಲು ಅರೆದರೆ ಎರಡೋ ಮೂರೋ ಗ್ರಾಂ;
ಅಷ್ಟಕ್ಕೆ ಅಷ್ಟು ಕಣ್ಣು ಬೇಕೇ ಬೇಕು.

ಭಾನುವಾರ ಆರಾಧನೆ ಮುಗಿದ ಮೇಲೆ
ವೆಸ್ಟ್ರಿಯ ಬಾಗಿಲು ಮುಂದೆ ಮಾಡಿ
ಕೆಂಪು ಮಖಮಲ್ಲಿನ ಚೀಲವನ್ನು ಮೇಜಿಗೆ ಸುರಿಯುತ್ತೇನೆ.
ಇಲ್ಲಿ ಯಾರೂ ಬೂಟು ಬಿಚ್ಚು ಅನ್ನುವುದಿಲ್ಲ.
ಬೂಟು ಹೇಗೂ ಹೊರಗೇ ಇರುತ್ತವೆ.

ನೋಟಿಗೂ ಒಂದು ವಾಸನೆ ಇರುತ್ತದೆ.
ಇದು ಕೊತ್ತಂಬರಿ, ಸಲೋಮಮ್ಮನ ಹತ್ತರ ನೋಟು,
ಸೊಪ್ಪಿಗೆ ಚಿಮುಕಿಸಿದ ನೀರಿನಲ್ಲಿ ಇನ್ನೂ ಹಸಿ.
ಇದು ಡೀಸೆಲ್, ಟಿಪ್ಪರ್ ಓಡಿಸುವ ನತಾನಿಯೇಲನದು.
ಇದು ಗರಿಗರಿ ಐನೂರು, ವಾಸನೆಯೇ ಇಲ್ಲ.
ಯಾರದೆಂದು ನಾನು ಹೇಳಬಾರದು; ಅವರೇ ಹೇಳಿಕೊಂಡಿದ್ದಾರೆ.
ಒಂದು ಲಕೋಟೆಯೊಳಗೆ ಬಸ್ ಟಿಕೆಟ್ಟು,
ಲಿಂಗಸುಗೂರಿನಿಂದ ಹಟ್ಟಿಗೆ.
ಮರೆತು ಹಾಕಿದರೋ, ಇದ್ದದ್ದು ಅಷ್ಟೇ ಎಂದೋ.
ಅದನ್ನೂ ಬರೆದುಕೊಂಡೆ: ಟಿಕೆಟ್ಟು, ಒಂದು.

ಹೇಳಬೇಕಾದ್ದನ್ನು ಈಗ ಹೇಳಿಬಿಡುತ್ತೇನೆ.
ಹೋದ ಮಳೆಗಾಲ, ಮಗಳ ಪರೀಕ್ಷೆ ಫೀಸಿಗೆ ಕಡೇ ದಿನ,
ಪಗಾರಕ್ಕೆ ಐದು ದಿನ ಬಾಕಿ.
ಪೆಟ್ಟಿಗೆಯಿಂದ ನಾಲ್ಕು ನೂರು ತೆಗೆದೆ.
ಶನಿವಾರ ಸಂಜೆ ತಂದು ಇಟ್ಟೆ.
ಲೆಕ್ಕ ಸರಿ ಇತ್ತು, ಮೇಲಿನಿಂದ ಕೂಡಿಸಿದರೂ ಕೆಳಗಿನಿಂದ ಕೂಡಿಸಿದರೂ.
ಐದು ದಿನ ಆ ದುಡ್ಡು ಎಲ್ಲಿತ್ತು ಅನ್ನುವುದಕ್ಕೆ ಮಾತ್ರ
ಪುಸ್ತಕದಲ್ಲಿ ಮನೆ ಇರಲಿಲ್ಲ.
ಆ ಐದೂ ದಿನ ಗಣಿ ಗೇಟಿನಲ್ಲಿ ಕೈ ಎತ್ತಿ ನಿಂತಾಗ
ತಪಾಸಣೆಯ ಹುಡುಗನ ಬೆರಳು
ಎದೆಯ ಹತ್ತಿರ ಬಂದರೆ ಬೆವರುತ್ತಿದ್ದೆ.

ಹಳೆಯ ಕತೆಯಲ್ಲಿ ಒಬ್ಬ ಆಳು
ತಲಾಂತನ್ನು ನೆಲದಲ್ಲಿ ಹೂತಿಟ್ಟು ಬೈಸಿಕೊಂಡ.
ನೆಲ ಅಗೆಯುವ ನನಗೆ ಅವನ ಮೇಲೆ
ಮೊದಲಿನಿಂದಲೂ ಒಂಚೂರು ಮಮತೆ.
ಹೂತ, ನಿಜ. ತನ್ನದು ಅನ್ನಲಿಲ್ಲ.
ನಾನು ಹೂಳಲೂ ಇಲ್ಲ, ಬೆಳೆಸಲೂ ಇಲ್ಲ,
ಸುಮ್ಮನೆ ನನ್ನದು ಅಂದುಕೊಂಡೆ. ಐದು ದಿನ.

ಅಯ್ಯಗಳ ಹತ್ತಿರ ಹೋಗಿ ಎಲ್ಲ ಹೇಳಿದೆ.
"ತಂದಿಟ್ಟಿಯಲ್ಲ, ಮತ್ಯಾಕ ಕೊರಗತಿ?
ನಿನ್ನ ಮ್ಯಾಲ ನಂಬಿಗಿ ಐತಿ" ಅಂದರು.
"ಆ ನಂಬಿಗಿ ಉಳೀಲಿ ಅಂತನ ಕೇಳಾಕತ್ತೀನ್ರಿ.
ಪೆಟ್ಟಿಗಿಗೆ ಎರಡನೇ ಬೀಗ ಹಾಕ್ರಿ.
ಎಣಿಸೂ ಮುಂದ ನನ್ನ ಬಾಜೂಕ ಒಬ್ಬರನ್ನ ಕೂಡಿಸ್ರಿ."

ಸಲೋಮಮ್ಮನನ್ನು ಕೂಡಿಸಿದರು. ಓದು ಬರುವುದಿಲ್ಲ.
ನೂರಕ್ಕೊಂದು ಹುಣಸೆಬೀಜ ಮೇಜಿನಂಚಿಗೆ ಇಡುತ್ತಾಳೆ.
ನನ್ನ ಪೆನ್ನು ಮೊತ್ತ ಮುಟ್ಟುವ ಮೊದಲೇ
ಅವಳ ಬೀಜ ಮುಟ್ಟಿರುತ್ತದೆ.

ಮೊನ್ನೆ ಕಮಿಟಿಯಲ್ಲಿ ಹೊಸ ಸ್ಪೀಕರ್ ಸೆಟ್ಟಿನ ಮಾತು ಬಂತು,
ಮೂವತ್ತೆಂಟು ಸಾವಿರ. ಎಲ್ಲರೂ ಹೂಂ ಅನ್ನುವವರೇ.
ಇವಳು ಸೆರಗಿನ ಗಂಟು ಬಿಚ್ಚಿ ಬೀಜ ಸುರಿದಳು:
"ಇದರಾಗ ನಂದು ಯಾವುದು, ಸುವಾರ್ತಮ್ಮಂದು ಯಾವುದು, ತೋರಸ್ರಿ.
ಆಕಿ ಮನಿ ತಗಡು ಹಾರಿ ಮೂರು ವಾರ ಆತು.
ದೇವರ ಕಿವಿ ಚಲೋ ಅದಾವ,
ಸಣ್ಣಗ ಹಾಡಿದ್ರೂ ಕೇಳತಾನ."
ಕೆಲವರು ನಕ್ಕರು. ಒಬ್ಬರು ಎದ್ದು ಹೋದರು,
ಮುಂದಿನ ಭಾನುವಾರವೂ ಬರಲಿಲ್ಲ.
ತಗಡು ಹಾಕಿಸಿದ್ದಾಯಿತು. ರಸೀದಿಯನ್ನು
ಗುಡಿಯ ಬಾಗಿಲಿಗೇ ಅಂಟಿಸಿದ್ದೇನೆ,
ಮೊಳೆಯ ಖರ್ಚು ಸಮೇತ.

ಮನೆವಾರ್ತೆಯವನು ಎಂದು ಪಾಠದಲ್ಲಿ ಓದುವಾಗ
ಚಿಕ್ಕಂದಿನಲ್ಲಿ ನಾನು
ಮನೆಮನೆಯ ಸುದ್ದಿ ಹೇಳುವವನು ಅಂದುಕೊಂಡಿದ್ದೆ.
ಪೂರಾ ತಪ್ಪೆಂದು ಈಗಲೂ ಅನಿಸುವುದಿಲ್ಲ.
ಯಾರ ಮನೆ ಸೋರುತ್ತದೆ ಎಂಬ ವಾರ್ತೆಯೇ ತಿಳಿಯದವನು
ಚೀಲ ಹಿಡಿದು ಏನು ಮಾಡಿಯಾನು?

ಆ ಬಸ್ ಟಿಕೆಟ್ಟು ಇನ್ನೂ ಪೆಟ್ಟಿಗೆಯಲ್ಲಿದೆ,
ಎರಡು ಬೀಗದ ಒಳಗೆ.
ವರ್ಷದ ಲೆಕ್ಕ ಒಪ್ಪಿಸುವಾಗ ಅದನ್ನು ಎಷ್ಟೆಂದು ಬರೆಯಲಿ,
ಸಲೋಮಮ್ಮನನ್ನು ಕೇಳಿದೆ.
ಅವಳು ಒಂದು ಬೀಜ ಕೈಗೆತ್ತಿಕೊಂಡು
ಎಲ್ಲಿಡಬೇಕೆಂದು ತಿಳಿಯದೆ
ಬಹಳ ಹೊತ್ತು ಹಾಗೇ ಕೂತಿದ್ದಳು.