ನಲವತ್ತೊಂದನೆಯ ಪುಟ

ಟಿಬಿಲಿಸಿಯ ದೊಡ್ಡ ಪ್ರಕಾಶನದಿಂದ ಉತ್ತರ ಬಂದದ್ದು
ಹದಿನಾಲ್ಕು ತಿಂಗಳ ಮೇಲೆ. ಎರಡೇ ಸಾಲು.
ಒಂದರಲ್ಲಿ ನನ್ನ ಹೆಸರು, ಅದೂ ತಪ್ಪು.

ಜುಜುನಾ ರಾತ್ರಿ ಹನ್ನೊಂದೂವರೆಗೆ ಫೋನು ಮಾಡಿ
"ಏಳನೆಯ ಪದ್ಯದಲ್ಲಿ ಗಾಳಿ ಬಂತು ಅಂದಿದ್ದೀಯಲ್ಲ,
ಬಂತೋ, ನುಗ್ಗಿತೋ, ಸುಮ್ಮನೆ ಹಾದುಹೋಯಿತೋ?
ನೀನು ಹವಾಮಾನದವಳು ನಾನುಲಿ, ಸರಿಯಾಗಿ ಹೇಳು" ಅಂದಳು.
ಮೂವತ್ತೊಂದು ವರ್ಷ ಗಾಳಿ ಅಳೆದಿದ್ದೇನೆ,
ದಿನಕ್ಕೆ ಎಂಟು ಸಲ, ಗುಡ್ಡದ ಮೇಲಿನ ಠಾಣೆಯಲ್ಲಿ.
ಯಾರೂ ಹಾಗೆ ಕೇಳಿರಲಿಲ್ಲ.
ಕಿಟಕಿ ತೆರೆದು ತುಸು ಹೊತ್ತು ನಿಂತೆ.
"ಒರಗಿತು" ಅಂದೆ.
"ಹಾಂ" ಅಂದು ಫೋನಿಟ್ಟಳು.

ಅವಳ ಪ್ರಕಾಶನವೆಂದರೆ ಕುತೈಸಿಯಲ್ಲಿ, ರಿಯೋನಿ ಹೊಳೆಯ ದಂಡೆಗೆ
ಹಿಂದೆ ಜೋಡು ಹೊಲಿಯುತ್ತಿದ್ದ ಒಂದು ಕೋಣೆ.
ಈಗಲೂ ಗೋಂದಿಗಿಂತ ಮೊದಲು ತೊಗಲು ಮೂಗಿಗೆ ಬಡಿಯುತ್ತದೆ.
ಅವಳ ಭಾವ ಒತಿಯಾ ಕಾಗದ ಕತ್ತರಿಸುತ್ತಾನೆ.
ಎಡಗೈಯ ಒಂದು ಬೆರಳು ಆ ಯಂತ್ರಕ್ಕೆ ಕೊಟ್ಟವನು,
ಅದನ್ನು ಮುಂಗಡ ಅನ್ನುತ್ತಾನೆ.
ನನ್ನ ಮುಂಗಡ, ಒಂದು ಬಾಟಲಿ ಹುಳಿಪ್ಲಮ್ಮಿನ ಗೊಜ್ಜು.

ಮುನ್ನೂರು ಪ್ರತಿ.
ನಲವತ್ತೊಂದನೆಯ ಪುಟದಲ್ಲಿ ನನ್ನ ಅಮ್ಮ
ಒಲೆಯ ಬಳಿ ಕೂತು ಹಾಡುತ್ತಾಳೆ ಎಂದಿರಬೇಕಾದ ಕಡೆ
ಒಂದಕ್ಷರ ತಪ್ಪಿ
ಕಾಡುತ್ತಾಳೆ ಎಂದಾಗಿತ್ತು.
ಗೊತ್ತಾಗುವಾಗ ಅಷ್ಟೂ ಹೊಲಿದಾಗಿತ್ತು.
ದೊಡ್ಡವರಾದರೆ ತಪ್ಪೊಪ್ಪಿನ ಚೀಟಿ ಸಿಕ್ಕಿಸುತ್ತಿದ್ದರೋ ಏನೋ.
ನಾವು ಮೂವರು ಮೆಕ್ಕೆಜೋಳದ ರೊಟ್ಟಿ ಮುರಿದಿಟ್ಟುಕೊಂಡು
ಸಣ್ಣ ಮೊನೆಯ ಪೆನ್ನು ಹಿಡಿದು ಕೂತೆವು,
ಒಂದೊಂದೇ ಪ್ರತಿಯಲ್ಲಿ ಅಮ್ಮನಿಗೆ ಹಾಡು ಮರಳಿಸುತ್ತ.
ನೂರಾ ಎಂಬತ್ತರ ಹೊತ್ತಿಗೆ ಒತಿಯಾ ಗುನುಗತೊಡಗಿದ.
ಇನ್ನೂರ ಅರವತ್ತಕ್ಕೆ ಜುಜುನಾ
ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು.
ಒಂದು ಪ್ರತಿಯನ್ನು ತಿದ್ದದೆ ಚೀಲಕ್ಕೆ ಹಾಕಿಕೊಂಡೆ.
ಅದೂ ಸುಳ್ಳಲ್ಲ.

ಲಾಭ ಏನು ಬಂತು ಅಂತ ಅಳಿಯ ಕೇಳುತ್ತಾನೆ.
ಬ್ಯಾಂಕಿನವನು, ಕೇಳಬೇಕಾದ್ದೇ.
ಏನು ಹೇಳಲಿ? ಆರು ವರ್ಷವಾಯಿತು.
ದೊಡ್ಡವರ ಆ ವರ್ಷದ ಪದ್ಯಗಳೆಲ್ಲ ರದ್ದಿಗೆ, ತೂಕಕ್ಕೆ ಹೋದವಂತೆ.
ನನ್ನದು ಇನ್ನೂ ಇಪ್ಪತ್ತಮೂರು ಪ್ರತಿ ಜುಜುನಾಳ ಮಂಚದ ಕೆಳಗಿವೆ,
ಚಳಿಗಾಲಕ್ಕೆಂದು ಹರಡಿದ ಸೇಬಿನ ಪಕ್ಕ.
ಗಾಳಿಯ ಪದ್ಯಗಳಿಗೆ ಸೇಬಿನ ವಾಸನೆ.

ಹೋದ ವಾರ ಬತುಮಿಯಿಂದ, ಹಡಗಿನ ಅಡುಗೆಯವನೊಬ್ಬ ಬರೆದಿದ್ದಾನೆ:
"ನಲವತ್ತೊಂದನೆಯ ಪುಟದಲ್ಲಿ ಒಂದಕ್ಷರಕ್ಕೆ ಶಾಯಿ ಬೇರೆ.
ಬೆರಳಾಡಿಸಿ ನೋಡಿದೆ. ಯಾರದು ಆ ಕೈ?"

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಎಂಬುದಿಲ್ಲ.
ಊರಿನ ಹೆಸರೂ ಉಪ್ಪಿನ ಹೆಸರೂ
ಒಂದೇ ಹೊಸ್ತಿಲು ದಾಟಿ ಬರುತ್ತವೆ.
ಉತ್ತರ ಬರೆಯಲು ಕೂತಿದ್ದೇನೆ.
ಅವನ ಪ್ರತಿ ತಿದ್ದಿದ್ದು ನಾನೋ, ಒತಿಯಾನೋ, ಅವಳೋ,
ಹೇಗೆ ಹೇಳುವುದು?
ಜುಜುನಾಗೆ ಫೋನು ಮಾಡಬೇಕು.
ಹನ್ನೊಂದೂವರೆ. ಎದ್ದಿರುತ್ತಾಳೆ.